ಗಾಳಕ್ಕೊಂದು ರಾಟೆ

ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನನ್ನು ಕಂಡರೆ ದಾರಿಹೋಕರಿಗೆ ಕನಿಕರ, ಮನೆಯವರಿಗೆ ಕೋಪ. ಬೇರೆ ಕೆಲಸವಿಲ್ಲದವನು ಎಂಬುದು ಮಾತ್ರ ಇಬ್ಬರ ತೀರ್ಮಾನವೂ ಹೌದು. ಭದ್ರಾವತಿಯ ಒಬ್ಬ ಹಿರಿಯರ ವಿಷಯದಲ್ಲಿ ಈ ತೀರ್ಮಾನ ಎಳ್ಳಷ್ಟೂ ಸಲ್ಲದು. 1918ರಲ್ಲಿ ಸ್ಥಾಪನೆಗೊಂಡು 1923ರಿಂದ ಕಬ್ಬಿಣ ಹರಿಸತೊಡಗಿದ ಆ ಊರಿನ ಕಾರ್ಖಾನೆಯಲ್ಲಿ ಅವರು ಮೂವತ್ತನಾಲ್ಕು ವರ್ಷ ಲೇತಿನ ಮುಂದೆ ನಿಂತು ದುಡಿದವರು. ಬೆಳಗಿನ ಪಾಳಿ ಮುಗಿದ ದಿನ ಸಂಜೆ ಭದ್ರೆಯ ದಂಡೆ. ರಾತ್ರಿಯ ಪಾಳಿ ಮುಗಿದ ದಿನ ನಿದ್ದೆಗೆ ಮುಂಚೆ ಭದ್ರೆಯ ದಂಡೆ. ಕಬ್ಬಿಣದ ಸದ್ದಿನಿಂದ ತುಂಬಿದ ಕಿವಿಗೆ ನೀರಿನ ಸದ್ದು ಹಾಯಿಸದೆ ಮಲಗಿದರೆ ನಿದ್ದೆ ಹತ್ತದು ಎಂಬುದು ಅವರ ಸಮಜಾಯಿಷಿ.

ಅವರ ಸಲಕರಣೆಗಳು ಬಹಳ ಸರಳ. ತಾವೇ ಕಡಿದು ನೆರಳಿನಲ್ಲಿ ಒಣಗಿಸಿದ ಹನ್ನೆರಡು ಅಡಿಯ ಬಿದಿರಿನ ಕೋಲು, ಅದರ ತುದಿಗೆ ಗಂಟು ಹಾಕಿದ ತಂಗೂಸಿ, ಜೋಳದ ದಂಟಿನ ಬೆಂಡು, ಕಡಲೆಕಾಳಿನಷ್ಟು ಸೀಸ, ಕೊಕ್ಕೆಗೆ ಎರೆಹುಳು ಇಲ್ಲವೆ ಹಿಟ್ಟಿನ ಉಂಡೆ. ರಾಟೆ, ಅಂದರೆ ಅಂಗಡಿಯವರು ರೀಲು ಎನ್ನುವ ಸಾಧನ, ಅವರ ಕೋಲಿಗೆ ಎಂದೂ ಇರಲಿಲ್ಲ. ಕೋಲಿನ ಉದ್ದವೆಷ್ಟೋ ದಾರದ ಉದ್ದವೂ ಅಷ್ಟೇ. ಗಿರ್ಲಿಗೆ, ಕುಚ್ಚಿಗೆ, ಅಂಗೈಯಷ್ಟು ಗೆಂಡೆಗೆ ಅದು ಸಾಕು. ಎಂದಾದರೂ ದೊಡ್ಡದೊಂದು ಸಿಕ್ಕಿ ಹೊಳೆಯ ನಡುವಿಗೆ ಎಳೆದರೆ ಕೊಡಲು ದಾರವೇ ಇಲ್ಲ. ಒಂದೋ ತಂಗೂಸಿ ಕಡಿಯಬೇಕು, ಇಲ್ಲವೇ ಕೋಲನ್ನೇ ನೀರಿಗೆ ಎಸೆದು ಅದು ತೇಲಿದ ಕಡೆಗೆ ಈಜಬೇಕು. ಹರಯದಲ್ಲಿ ಅವರು ಈಜಿದ್ದೂ ಉಂಟು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರಿಗೆ ಲಘುವಾಗಿ ಪಾರ್ಶ್ವವಾಯು ಬಡಿಯಿತು. ಮಾತು ವಾರದೊಳಗೆ ಸರಿಹೋಯಿತು. ಕಾಲು ಮೂರು ತಿಂಗಳಲ್ಲಿ ಹದಕ್ಕೆ ಬಂತು. ಬಲಗೈ ಮಾತ್ರ ಪೂರ್ತಿ ಮರಳಲಿಲ್ಲ. ಬೆರಳುಗಳು ಮಡಿಚುತ್ತವೆ, ಲೋಟ ಹಿಡಿಯುತ್ತವೆ. ಆದರೆ ಭಾರ ಬಿದ್ದೊಡನೆ ಮಣಿಕಟ್ಟು ಸೋಲುತ್ತದೆ. ರಬ್ಬರಿನ ಚೆಂಡನ್ನು ಹಿಸುಕುತ್ತಿರಬೇಕೆಂದೂ ಕೈಗೆ ಹಗುರವಾದ ಕೆಲಸ ತಪ್ಪದೆ ಕೊಡುತ್ತಿರಬೇಕೆಂದೂ ಶಿವಮೊಗ್ಗದ ವೈದ್ಯರು ಹೇಳಿ ಕಳುಹಿಸಿದರು. ಹಿರಿಯರು ಒಂದು ಸಂಜೆ ಹಿತ್ತಿಲಿಗೆ ಹೋಗಿ ಬಿದಿರಿನ ಕೋಲನ್ನು ಎತ್ತಿ ನೋಡಿದರು. ಹನ್ನೆರಡು ಅಡಿಯ ಕೋಲಿನ ತುದಿಯಲ್ಲಿ ಅರ್ಧ ಕಿಲೋ ಮೀನಿದ್ದರೂ ಬುಡ ಹಿಡಿದ ಕೈಗೆ ಅದು ಎಷ್ಟಾಗುತ್ತದೆಂಬ ಲೆಕ್ಕ ಲೇತಿನ ಕೆಲಸಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೋಲನ್ನು ಮತ್ತೆ ಮಾಡಿಗೆ ಸಿಕ್ಕಿಸಿ ಒಳಗೆ ಬಂದರು. ಆಮೇಲೆ ನಾಲ್ಕು ತಿಂಗಳು ಹೊಳೆಯ ಕಡೆಗೆ ಮುಖ ಹಾಕಲಿಲ್ಲ. ಊಟದ ಹೊತ್ತಿಗೂ ಕರೆದರೆ ಬರುವರು, ಕರೆಯದಿದ್ದರೆ ಇಲ್ಲ.

ಅವರ ಮಗ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಎಂಜಿನಿಯರು. ತಂದೆಯ ಹುಚ್ಚು ಮಗನಿಗೂ ಅಂಟಿದೆ. ಅಲ್ಲಿನ ಮನಿಸ್ಟೀ ನದಿಯಲ್ಲಿ ಅವನು ಹಿಡಿಯಹೋಗುವ ಮೀನಿನ ಹೆಸರು ಸ್ಟೀಲ್‌ಹೆಡ್, ಎಂದರೆ ಉಕ್ಕಿನ ತಲೆ. ಉಕ್ಕಿನ ಊರಿನಲ್ಲಿ ಹುಟ್ಟಿದವನಿಗೆ ತಕ್ಕ ಮೀನೇ ಸಿಕ್ಕಿತೆಂದು ಮನೆಯಲ್ಲಿ ಅದೊಂದು ತಮಾಷೆ. ಈ ಮೀನು ಬೇರೆ ಯಾವುದೂ ಅಲ್ಲ, ನೀಲಗಿರಿಯ ತಣ್ಣನೆಯ ಹೊಳೆಗಳಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಂದು ಬಿಟ್ಟ ಕಾಮನಬಿಲ್ಲು ಟ್ರೌಟಿನ ಜಾತಿಯದೇ. ಶಾಂತಸಾಗರದ ಅಂಚಿನ ನದಿಗಳಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬಲಿತು, ಮೊಟ್ಟೆಯಿಡಲು ಹುಟ್ಟಿದ ನದಿಗೇ ಮರಳುವುದು ಅದರ ಮೂಲ ಸ್ವಭಾವ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮಿಷಿಗನ್ನಿನ ಕಡೆ ತಂದು ಬಿಟ್ಟರು. ಅಲ್ಲಿ ಸಮುದ್ರವಿಲ್ಲ, ಅದು ಮಹಾಸರೋವರಗಳನ್ನೇ ಸಮುದ್ರವೆಂದು ಬಗೆದು ಬಾಳುತ್ತಿದೆ. ಭದ್ರೆಯ ಬೆಚ್ಚನೆಯ ನೀರಿನಲ್ಲಿ ಅದು ಬದುಕಲಾರದು.

ಆ ಮೀನನ್ನು ಹಿಡಿಯುವ ಬಗೆಗಳಲ್ಲಿ ಒಂದು ಮಾತ್ರ ಭದ್ರಾವತಿಯದೇ. ಬೆಂಡು ಕಟ್ಟಿ, ಬೆಂಡಿನ ಕೆಳಗೆ ಮೇವನ್ನು ನೆಲಕ್ಕೆ ತಾಗೀ ತಾಗದಂತೆ ತೂಗಿಬಿಟ್ಟು, ಹರಿವಿನೊಡನೆ ತೇಲಿಸುವುದು. ಬೆಂಡು ಹರಿವಿನ ವೇಗದಲ್ಲಿಯೇ ಹೋಗಬೇಕು. ಹಿಂದಿನಿಂದ ದಾರ ಜಗ್ಗಿದರೆ ಮೇವು ಮೇಲಕ್ಕೇಳುತ್ತದೆ, ಮೀನಿಗೆ ಸಂಶಯ ಹುಟ್ಟುತ್ತದೆ. ಮಗ ದೂರವಾಣಿಯಲ್ಲಿ ಒಂದು ರಾತ್ರಿ, “ಅಪ್ಪಾ, ಕೋಲು ಎತ್ತೋದಕ್ಕೆ ಆಗಲ್ಲ ಅಂತ ಹೊಳೆ ಬಿಡಬೇಡಿ. ಏಳಡಿ ಹಗುರದ ಕೋಲಿಗೆ ಒಂದು ಸ್ಪಿನ್ನಿಂಗ್ ರೀಲು ಹಾಕಿಕೊಳ್ಳಿ. ಮೀನನ್ನ ಎತ್ತೋದೇ ಬೇಡ, ಸುತ್ತಿಕೊಂಡರೆ ಸಾಕು” ಎಂದ. ತಂದೆ ಕೂಡಲೇ ಉತ್ತರ ಕೊಡಲಿಲ್ಲ. ಮರುದಿನ ತಾವೇ ಕರೆ ಮಾಡಿ, “ಅದರ ಒಳಗಿನ ಗೇರಿನ ಚಿತ್ರ ಕಳಿಸು” ಎಂದರು.

ಗಾಳದ ಹವ್ಯಾಸ ಕೀಳೆಂದು ತಿಳಿದವರು ಇಲ್ಲಿ ಒಂದು ಮಾತನ್ನು ಗಮನಿಸಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಸ್ಥಾನವುಂಟು. ಮೀನುಗಳ ಜಾತಿ, ಅವಕ್ಕೆ ಹಾಕತಕ್ಕ ಮೇವು, ಗಾಳ ಹಾಕುವ ಕ್ರಮ ಎಲ್ಲವನ್ನೂ ಆ ದೊರೆ ವಿಚಾರ ಮಾಡಿದ್ದಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಪ್ರಬಂಧವನ್ನೇ ಪ್ರಕಟಿಸಿದರು. ಚಕ್ರವರ್ತಿಗೆ ಒಪ್ಪಿದ ವಿನೋದ ಪಿಂಚಣಿದಾರನಿಗೆ ಒಪ್ಪದೆ ಇರಲು ಕಾರಣ ಕಾಣದು.

ಆದರೆ ಈ ರಾಟೆ ಚಕ್ರವರ್ತಿಗೆ ತಿಳಿಯದ ವಸ್ತು. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಹಳೆಯ ರಾಟೆಗಳಲ್ಲಿ ದಾರ ಹೊರಡಬೇಕಾದರೆ ಉರುಳೆಯೇ ತಿರುಗಬೇಕು. ಬಾವಿಯ ಗಡಗಡೆಯಿಂದ ಹಗ್ಗ ಇಳಿದಂತೆ. ನಿಂತ ಉರುಳೆಯನ್ನು ತಿರುಗಿಸಲು ತೂಕ ಬೇಕು. ಹಗುರವಾದ ಬೆಂಡಿಗೂ ಕಡಲೆಕಾಳಿನ ಸೀಸಕ್ಕೂ ಆ ಶಕ್ತಿಯಿಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆಯ ಗಿರಣಿಗಳ ಊರು. ಅಲ್ಲಿನ ಗಿರಣಿಯ ಮಾಲಿಕ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ನೂಲು ಬಾಬಿನಿನ ತುದಿಯಿಂದ ಸರಾಗವಾಗಿ ಜಾರುವುದನ್ನು ದಿನವೂ ನೋಡುತ್ತಿದ್ದವನು. ಸುರುಳಿಯನ್ನು ತಿರುಗಗೊಡದೆ ನಿಲ್ಲಿಸಿ, ಅದರ ಅಂಚಿನ ಮೇಲಿಂದ ದಾರವನ್ನು ಜಾರಿಸುವ ರಾಟೆಗೆ ಅವನು 1905ರಲ್ಲಿ ಹಕ್ಕುಪತ್ರ ಪಡೆದ. ಚರಕದ ಕದಿರಿನ ತುದಿಯಿಂದ ನೂಲು ಕಳಚುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಸೆದಾಗ ತಿರುಗಬೇಕಾದ್ದು ಯಾವುದೂ ಇಲ್ಲವಾದುದರಿಂದ ಹಗುರವಾದ ಬೆಂಡೂ ಹೊಳೆಯ ನಡುವಿಗೆ ಹೋಗಿ ಬೀಳುತ್ತದೆ. ‘ಸ್ಪಿನ್ನಿಂಗ್’ ಎಂಬ ಹೆಸರು ಮಾತ್ರ ನೂಲುವುದರಿಂದ ಬಂದುದಲ್ಲ. ನೀರಿನಲ್ಲಿ ಗಿರಗಿರನೆ ತಿರುಗುವ ಹುಸಿಮೇವಿನಿಂದ ಬಂದದ್ದು.

ಮಗ ಚಿತ್ರಗಳೊಡನೆ ತನ್ನ ರೀಲಿನ ವಿವರವನ್ನೂ ಕಳುಹಿಸಿದ. ನಾಲ್ಕು ಸಾವಿರದ ಅಳತೆಯದು, ಹಲ್ಲುಗಳ ಅನುಪಾತ ಆರು ಪಾಯಿಂಟ್ ಎರಡು, ಹತ್ತು ಕಿಲೋವರೆಗೆ ಬಿಗಿಯಬಹುದು. ಅದೇ ಬಗೆಯದನ್ನು ಕೊಳ್ಳಬೇಕೆಂದು ಒತ್ತಾಯಿಸಿದ. ಅವನ ದೃಷ್ಟಿಯಿಂದ ಅದು ಸರಿಯೇ. ಬೆಂಡು ಮೂವತ್ತು ಗಜ ತೇಲಿ ಹೋಗುವ ಹೊತ್ತಿಗೆ ದಾರ ನೀರಿನ ಮೇಲೆ ಬಿಲ್ಲಿನಂತೆ ಬಾಗಿರುತ್ತದೆ. ಬೆಂಡು ಮುಳುಗಿದ ಕ್ಷಣ ಆ ಸಡಿಲವನ್ನೆಲ್ಲ ಬೇಗ ಸುತ್ತದಿದ್ದರೆ ಕೊಕ್ಕೆ ನಾಟದು. ಆದುದರಿಂದ ಬೆಂಡಿನ ಗಾಳಕ್ಕೆ ವೇಗದ ರೀಲು ಬೇಕೆಂಬುದು ತಿಳಿದವರ ಮಾತು. ಮಂಜು ಕರಗಿದ ನೀರು, ಕೈಗೆ ಗವಸು, ನಾಲ್ಕೈದು ಕಿಲೋ ಮೀನು; ಇವೆಲ್ಲಕ್ಕೂ ದೊಡ್ಡ ಹಿಡಿಕೆಯ, ದೊಡ್ಡ ಸುರುಳಿಯ ರೀಲು ಒಪ್ಪುತ್ತದೆ.

ಹಿರಿಯರು ಕಾಗದ ಪೆನ್ಸಿಲ್ ತೆಗೆದುಕೊಂಡು ಕುಳಿತರು. ಸುರುಳಿಯ ವ್ಯಾಸ 45 ಮಿಲಿಮೀಟರ್ ಇದ್ದರೆ ಸುತ್ತಳತೆ ಸುಮಾರು 141. ಅನುಪಾತ 6.2 ಆದರೆ ಹಿಡಿಕೆಯ ಒಂದು ಸುತ್ತಿಗೆ 87 ಸೆಂಟಿಮೀಟರ್ ದಾರ, 5.2 ಆದರೆ 73. ವ್ಯತ್ಯಾಸ ಒಂದು ಗೇಣಿಗಿಂತ ಕಡಿಮೆ. ಆದರೆ ಆ ಗೇಣಿನ ಬೆಲೆಯನ್ನು ತೆರಬೇಕಾದ್ದು ಮಣಿಕಟ್ಟು. ವೇಗ ಹೆಚ್ಚಿಸಿದಷ್ಟು ಬಲ ಕುಗ್ಗುವುದು ಗೇರಿನ ಧರ್ಮ. ಮಾರುವವರು ಇದನ್ನು ಎಷ್ಟೇ ಬಣ್ಣ ಕಟ್ಟಿ ಹೇಳಿದರೂ ಅದು ಬದಲಾಗುವುದಿಲ್ಲ. ವೇಗದ ರೀಲನ್ನು ಬಿಟ್ಟರೆ ಆ ಸಡಿಲ ದಾರಕ್ಕೆ ಏನು ಗತಿ? ಅದಕ್ಕೂ ಅವರಲ್ಲಿ ಉತ್ತರವಿತ್ತು. ಬೆಂಡನ್ನು ಅಷ್ಟು ದೂರ ಬಿಡಬೇಕಾಗಿಯೇ ಇಲ್ಲ. ಹದಿನೈದು ಗಜದೊಳಗೆ ತೇಲಿಸಿ, ದಾರ ಬಾಗಿದಾಗಲೆಲ್ಲ ಕೋಲಿನ ತುದಿಯಿಂದ ಮೆಲ್ಲನೆ ಎತ್ತಿ ಹರಿವಿನ ಮೇಲುಗಡೆಗೆ ಹಾಕಿದರೆ ಬಿಲ್ಲು ನೇರವಾಗುತ್ತದೆ. ಐವತ್ತು ವರ್ಷದ ಅಭ್ಯಾಸ ಮಾಡುವ ಕೆಲಸವನ್ನು ಹಲ್ಲಿನ ಚಕ್ರದಿಂದ ಮಾಡಿಸುವುದೇಕೆ?

ಇನ್ನೊಂದು ಅನುಕೂಲವನ್ನು ಅವರು ಚಿತ್ರದಲ್ಲಿಯೇ ಕಂಡುಹಿಡಿದರು. ಈ ಜಾತಿಯ ರೀಲುಗಳ ಹಿಡಿಕೆಯನ್ನು ಕಳಚಿ ಎಡಕ್ಕಾಗಲಿ ಬಲಕ್ಕಾಗಲಿ ಹಾಕಬಹುದು. ಅಂಗಡಿಯಿಂದ ಬರುವಾಗ ಹಿಡಿಕೆ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ಬಲವಾದ ಬಲಗೈ ಕೋಲನ್ನು ಹಿಡಿಯುತ್ತದೆ, ಎಡಗೈ ಸುತ್ತುತ್ತದೆ. ಅವರಿಗೆ ಬೇಕಾದ್ದು ಇದರ ತಿರುಗುಮುರುಗು. ಭಾರವೆಲ್ಲ ಎಡಗೈಯದು, ಸೋತ ಬಲಗೈಗೆ ಸುತ್ತುವ ಕೆಲಸ ಮಾತ್ರ. ಹಗುರವಾದ ಕೆಲಸ ತಪ್ಪದೆ ಕೊಡಬೇಕೆಂದು ವೈದ್ಯರು ಹೇಳಿರಲಿಲ್ಲವೇ?

“ಮೀನು ಬೇಕಾದರೆ ಸಂತೆಯಲ್ಲಿ ಸಿಗುತ್ತೆ. ಅದಕ್ಕೆ ಸಾವಿರಗಟ್ಟಲೆ ಕೊಟ್ಟು ರಾಟೆ ತರ್ತಾರಂತೆ” ಎಂದು ಅವರ ಮನೆಯವರು ನೆರೆಯಾಕೆಯ ಮುಂದೆ ಹೇಳಿದರು. ಆದರೆ ಬಸ್ಸಿನ ಹಣವನ್ನೂ ಬುತ್ತಿಯನ್ನೂ ಬೆಳಗ್ಗೆಯೇ ತೆಗೆದಿಟ್ಟವರೂ ಅವರೇ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ತುಂಗೆಯನ್ನು ದಾಟಿಯೇ ಊರೊಳಗೆ ಹೊಗಬೇಕು. ಮಳೆಗಾಲವಾಗಿದ್ದರೆ ಪ್ರಯಾಣಿಕರೆಲ್ಲ ಕಿಟಕಿಗೆ ಮುಖವೊಡ್ಡಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೋ ಇಲ್ಲವೋ ಎಂದು ನೋಡುವ ಜಾಗ. ಆಗ ಮಾಗಿ, ನೀರು ಇಳಿದು ತಿಳಿಯಾಗಿತ್ತು. ಹಿರಿಯರು ಸೇತುವೆಯ ಮೇಲಿಂದ, ಆರು ತಿಂಗಳಾದ ಮೇಲೆ, ಹೊಳೆಯನ್ನು ಹೊಳೆಯಾಗಿ ನೋಡಿದರು: ಯಾವ ಬಂಡೆಯ ಹಿಂದೆ ನೀರು ತಿರುಗುತ್ತದೆ, ಎಲ್ಲಿ ಮೀನು ನಿಲ್ಲಬಹುದು ಎಂದು.

ಗಾಂಧಿ ಬಜಾರಿನ ಆಚೆಯ ಸಣ್ಣ ಅಂಗಡಿಯಲ್ಲಿ ರೀಲುಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿದ್ದರು. ಪೆಟ್ಟಿಗೆಗಳ ಮೇಲೆ ಅಂಕಿಗಳ ಜಾತ್ರೆ. ಒಂದರಲ್ಲಿ ಹನ್ನೆರಡು ಬೇರಿಂಗ್, ಇನ್ನೊಂದರಲ್ಲಿ ಹದಿಮೂರು. ಬೇರಿಂಗಿನ ಎಣಿಕೆಯನ್ನು ನೋಡಿ ರೀಲನ್ನು ಕೊಳ್ಳುವುದು ಗುಂಡಿಗಳ ಎಣಿಕೆಯನ್ನು ನೋಡಿ ಅಂಗಿಯನ್ನು ಕೊಂಡಂತೆ. ಗಟ್ಟಿಯಾಗಿ ಕೂಡಿಸಿದ ನಾಲ್ಕೈದು ಒಳ್ಳೆಯ ಬೇರಿಂಗುಗಳು ಮುಗ್ಗಲು ಹದಿಮೂರಕ್ಕಿಂತ ಮೇಲು. ಹಿರಿಯರು ಪೆಟ್ಟಿಗೆಗಳನ್ನು ಓದಲೇ ಇಲ್ಲ. ಒಂದೊಂದು ರೀಲನ್ನೂ ಕಿವಿಯ ಹತ್ತಿರ ಹಿಡಿದು ಹಿಡಿಕೆಯನ್ನು ಬಹಳ ನಿಧಾನವಾಗಿ ತಿರುಗಿಸಿದರು. ಜೋರಾಗಿ ತಿರುಗಿಸಿದರೆ ಎಲ್ಲ ರೀಲೂ ನುಣುಪು. ನಿಧಾನವಾಗಿ ತಿರುಗಿಸಿದಾಗಲೇ ಹಲ್ಲು ಹಲ್ಲಿಗೆ ಎಲ್ಲಿ ತಡೆಯುತ್ತದೆಂಬುದು ಗೊತ್ತಾಗುವುದು. ಹಿಡಿಕೆಯನ್ನು ಹಿಂದಕ್ಕೆ ಒತ್ತಿ ಎಷ್ಟು ಆಟವಿದೆಯೆಂದು ನೋಡಿದರು. ಕಮಾನಿನಂತಹ ತಂತಿಯನ್ನು ಬಲಗೈಯ ಬೆರಳಿನಿಂದಲೇ ಹತ್ತು ಸಲ ತೆರೆದು ಮುಚ್ಚಿದರು. ಎಂಟರಲ್ಲಿ ಐದು ಬೀರುವಿಗೆ ಮರಳಿದವು.

ಉಳಿದ ಮೂರಕ್ಕೆ ಅವರ ಚೀಲದಿಂದ ಒಂದು ಸ್ಪ್ರಿಂಗ್ ತಕ್ಕಡಿ ಹೊರಬಂತು. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

“ಏನ್ ಯಜಮಾನ್ರೇ, ರೀಲನ್ನ ತೂಕದ ಲೆಕ್ಕದಲ್ಲಿ ತಗೋತೀರಾ?”

“ಇದು ಎಷ್ಟು ಹಿಡಿಯುತ್ತೆ ಅಂತ ಪೆಟ್ಟಿಗೆ ಮೇಲೆ ಬರೆದಿದೆ. ಹೇಗೆ ಬಿಡುತ್ತೆ ಅಂತ ಬರೆದಿಲ್ಲವಲ್ಲಪ್ಪ.”

ರೀಲಿನ ಮರ್ಮವೆಲ್ಲ ಇರುವುದು ಇಲ್ಲಿಯೇ. ಸುರುಳಿಯ ಒಳಗೆ ಒಂದರ ಮೇಲೊಂದು ಜೋಡಿಸಿದ ತೆಳ್ಳನೆಯ ತಟ್ಟೆಗಳಿರುತ್ತವೆ. ಮೇಲಿನ ಬಿರಟೆಯನ್ನು ತಿರುಗಿಸಿದರೆ ಅವು ಒಂದನ್ನೊಂದು ಒತ್ತುತ್ತವೆ. ಮೀನು ಮಿತಿಮೀರಿ ಎಳೆದಾಗ ತಟ್ಟೆಗಳು ಜಾರಿ ಸುರುಳಿ ತಿರುಗಿ ದಾರ ಬಿಟ್ಟುಕೊಡುತ್ತದೆ, ತಂಗೂಸಿ ಕಡಿಯುವುದಿಲ್ಲ. ತಂಗೂಸಿ ತಡೆಯುವ ತೂಕದ ನಾಲ್ಕರಲ್ಲಿ ಒಂದು ಭಾಗ ಇಲ್ಲವೆ ಮೂರರಲ್ಲಿ ಒಂದು ಭಾಗಕ್ಕೆ ಬಿರಟೆಯನ್ನು ಬಿಗಿಯುವುದು ವಾಡಿಕೆ. ನಾಲ್ಕು ಕಿಲೋ ತಡೆಯುವ ತಂಗೂಸಿಗೆ ಒಂದು ಕಿಲೋ, ಬಹಳವೆಂದರೆ ಒಂದೂಕಾಲು. ಹಾಗಿರುವಾಗ ಹತ್ತು ಕಿಲೋ ಹಿಡಿಯುವ ಸಾಮರ್ಥ್ಯದಿಂದ ಏನು ಪ್ರಯೋಜನ? ಮುಖ್ಯವಾದ ಪ್ರಶ್ನೆ ಬೇರೆ. ನಿಂತ ತಟ್ಟೆ ಜಾರಲು ತೊಡಗುವ ಗಳಿಗೆಯಲ್ಲಿ ಎಷ್ಟು ತಡೆಯುತ್ತದೆ? ಒಂದು ಕಿಲೋಗೆ ಬಿಗಿದದ್ದು ಹೊರಡುವಾಗ ಎರಡು ಕಿಲೋ ಎಳೆತವನ್ನು ಬೇಡಿದರೆ, ಮೀನಿನ ಪ್ರತಿಯೊಂದು ಓಟದ ಆರಂಭದಲ್ಲಿಯೂ ದಾರಕ್ಕೆ ಜಟಕಾಯಿಸಿದ ಪೆಟ್ಟು. ಹಾಗೆ ಕಡಿದರೆ ನಷ್ಟ ಹಿಡಿಯುವವನಿಗೆ ಮಾತ್ರವಲ್ಲ. ಬಾಯಲ್ಲಿ ಕೊಕ್ಕೆ, ಹಿಂದೆ ಬೆಂಡು, ಗಜಗಟ್ಟಲೆ ತಂಗೂಸಿ ಹೊತ್ತ ಮೀನು ಎಲ್ಲೋ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ತುಂಗೆಯ ಮೇಲ್ಭಾಗದಲ್ಲಿ ಶೃಂಗೇರಿಯ ಮಠದ ಮುಂದೆ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಜನ ಅವಕ್ಕೆ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಆದರೆ ಮೀನಿಗೆ ಗಡಿಗಲ್ಲು ತಿಳಿಯದು. ದೇವರ ಮೀನೆನಿಸಿದ ಮಹಶೀರ್ ಕೆಳಗೆ ಇಳಿದು ಬಂದು ಗಾಳಕ್ಕೆ ಬಿದ್ದರೆ ಅದನ್ನು ಬೇಗ ದಂಡೆಗೆ ತಂದು ಕೊಕ್ಕೆ ಬಿಡಿಸಿ ಕಳುಹಿಸುವುದು ಹಿರಿಯರ ನೇಮ. ಕಡಿದುಹೋದ ದಾರದಿಂದ ಆ ನೇಮ ನಡೆಯುವ ಹಾಗಿಲ್ಲ.

ಅಂಗಡಿಯ ಹುಡುಗ ದಾರದ ತುದಿಗೆ ಸಿಕ್ಕಿಸಿದ ತಕ್ಕಡಿಯನ್ನು ಎಳೆದ, ಹಿರಿಯರು ಮುಳ್ಳನ್ನು ನೋಡಿದರು. ಮೊದಲನೆಯದು, ಅತ್ಯಂತ ಬೆಲೆಯದು, ಒಂದೂಮುಕ್ಕಾಲಕ್ಕೆ ಹೊರಟು ಒಂದಕ್ಕೆ ಇಳಿಯಿತು. ಎರಡನೆಯದು ಒಂದೂವರೆಗೆ ಹೊರಟು ನಡುನಡುವೆ ಕುಪ್ಪಳಿಸಿತು. ಮೂರನೆಯದು ಎರಡೂವರೆ ಸಾವಿರದ ಅಳತೆಯ ಸಣ್ಣ ರೀಲು. ತೂಕ ಕಾಲು ಕಿಲೋಗಿಂತ ತುಸು ಹೆಚ್ಚು, ಅನುಪಾತ 5.2. ಅದು ಒಂದಕ್ಕೆ ಮೇಲೆ ಕೂದಲೆಳೆಯಷ್ಟು ಏರಿ ಹೊರಟಿತು. ಹೊರಟದ್ದು ಎಲ್ಲೂ ತಡೆಯದೆ ಒಂದೇ ಸಮನೆ ಬಂತು. ಹಿರಿಯರು ಹುಡುಗನಿಂದ ಮತ್ತೆ ಮೂರು ಸಲ ಎಳೆಯಿಸಿದರು. ಮುಳ್ಳು ಅಲ್ಲಾಡಲಿಲ್ಲ. ಬೆಲೆಯನ್ನು ಕೇಳಿದ್ದು ಆಮೇಲೆ.

ದಾರವನ್ನು ತುಂಬುವ ಕೆಲಸವನ್ನು ಅಂಗಡಿಯವನಿಗೆ ಬಿಡಲಿಲ್ಲ. ಸುರುಳಿಯ ಅಂಚಿಗೆ ಒಂದೂವರೆ ಎರಡು ಮಿಲಿಮೀಟರ್ ಬಿಟ್ಟು ತುಂಬಬೇಕು. ಕಡಿಮೆಯಾದರೆ ದಾರ ಅಂಚನ್ನು ಉಜ್ಜಿ ಬೆಂಡು ದೂರ ಹೋಗದು. ಹೆಚ್ಚಾದರೆ ಸುರುಳಿ ಸುರುಳಿಯಾಗಿ ಉದುರಿ ಗಂಟಾಗುತ್ತದೆ. ಮಗ ಆ ರಾತ್ರಿ ಎಲ್ಲವನ್ನೂ ಕೇಳಿ, “ಅಷ್ಟು ಚಿಕ್ಕದಾ ಅಪ್ಪಾ?” ಎಂದನಾದರೂ ಒಂದು ವಾರದ ತರುವಾಯ ತಾನೂ ಒಂದು ಸ್ಪ್ರಿಂಗ್ ತಕ್ಕಡಿ ಕೊಂಡ ಸುದ್ದಿ ಬಂತು.

ಎಡಗೈಯಿಂದ ಎಸೆಯುವುದನ್ನು ಕಲಿಯಲು ಹದಿನೈದು ದಿನ ಹಿಡಿಯಿತು. ಕೊಕ್ಕೆಯಿಲ್ಲದೆ ಬೆಂಡನ್ನು ಮಾತ್ರ ಕಟ್ಟಿ ಮನೆಯ ಮುಂದಿನ ಬಯಲಿನಲ್ಲಿ ಬೆಳಗ್ಗೆ ಬೆಳಗ್ಗೆ ಎಸೆಯುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳು ನಿಂತು ನೋಡಿ, ಅಜ್ಜ ಒಣನೆಲದಲ್ಲಿ ಮೀನು ಹಿಡಿಯುತ್ತಾರೆಂದು ನಕ್ಕು ಹೋಗುವರು. ಬೆಂಡು ಬೇಲಿಯ ಮೇಲೆ, ತೆಂಗಿನ ಗರಿಯ ಮೇಲೆ, ಒಮ್ಮೆ ನೆರೆಯವರ ಹಪ್ಪಳದ ಚಾಪೆಯ ಮೇಲೂ ಬಿತ್ತು.

ಲಕ್ಕವಳ್ಳಿಯ ಅಣೆಕಟ್ಟಿನಿಂದ ನೀರು ಹೆಚ್ಚು ಬಿಡದ ಒಂದು ಬೆಳಗ್ಗೆ ಅವರು ಭದ್ರಾವತಿಯಿಂದ ಮೇಲುಗಡೆ, ಮತ್ತಿಯ ಮರದ ಕೆಳಗಿನ ಹಳೆಯ ಜಾಗದಲ್ಲಿ ಕುಳಿತರು. ತಂತಿಯನ್ನು ತೆರೆದೇ ಇಟ್ಟು, ಎಡಗೈಯ ತೋರುಬೆರಳನ್ನು ಸುರುಳಿಯ ಅಂಚಿಗೆ ಸೋಕಿಸಿ, ಹರಿವು ಕೇಳಿದಷ್ಟು ದಾರವನ್ನು ಕೊಡುತ್ತ ಬೆಂಡನ್ನು ಬಿಟ್ಟರು. ಮೊದಲ ಗಂಟೆಯಲ್ಲಿ ಎರಡು ಗಿರ್ಲು. ಬಿಸಿಲೇರಿದ ಮೇಲೆ ಬೆಂಡು ಕುಣಿಯದೆ, ನಡುಗದೆ, ಓರೆಯಾಗಿ ಮೆಲ್ಲನೆ ನಡೆದು ಕಣ್ಮರೆಯಾಯಿತು. ಗೆಂಡೆಯ ನಡಿಗೆ ಅದು. ಅವರು ಬೆರಳನ್ನು ಸುರುಳಿಗೆ ಒತ್ತಿ ಕೋಲನ್ನೆತ್ತಿದರು. ಬಲಗೈ ಹಿಡಿಕೆಯನ್ನು ತಿರುಗಿಸಿತು. ತಂತಿ ಟಕ್ಕೆಂದು ಮುಚ್ಚಿತು.

ಮೀನು ನಡುಹೊಳೆಗೆ ಓಡಿತು. ಹನ್ನೆರಡು ಅಡಿ, ಇಪ್ಪತ್ತು ಅಡಿ, ನಲವತ್ತು ಅಡಿ. ಹಳೆಯ ಕೋಲಾಗಿದ್ದರೆ ಮೊದಲ ಹನ್ನೆರಡಕ್ಕೇ ಕಥೆ ಮುಗಿಯುತ್ತಿತ್ತು. ಸುರುಳಿ ಕಿರ್ರೆನ್ನುತ್ತ ಬಿಡುತ್ತಲೇ ಇತ್ತು. ರೀಲಿನ ಹೊಸಬರು ಈ ಹೊತ್ತಿನಲ್ಲಿ ಗಾಬರಿಯಿಂದ ಹಿಡಿಕೆಯನ್ನು ತಿರುಗಿಸುತ್ತಲೇ ಇರುವುದುಂಟು. ಸುರುಳಿ ಜಾರುತ್ತಿರುವಾಗ ತಿರುಗಿಸಿದರೆ ದಾರ ಒಳಗೆ ಬರುವುದಿಲ್ಲ, ಹುರಿಗೊಳ್ಳುತ್ತದೆ ಅಷ್ಟೆ. ಅವರು ಕೈ ಕಟ್ಟಿಕೊಂಡವರಂತೆ ಕಾದರು. ಓಟ ನಿಂತಾಗ ಕೋಲನ್ನು ಮೆಲ್ಲಗೆ ಎತ್ತುವುದು, ಇಳಿಸುತ್ತ ನಾಲ್ಕು ಸುತ್ತು ಸುತ್ತುವುದು. ಐದನೆಯ ಸುತ್ತಿಗೆ ಬಲಗೈ ನಡುಗುವುದು, ನಿಲ್ಲಿಸುವುದು. ಕೈ ಸುಧಾರಿಸಿಕೊಳ್ಳುವ ತನಕ ಮೀನೂ ಸುಧಾರಿಸಿಕೊಳ್ಳುತ್ತಿತ್ತು. ಇಬ್ಬರಿಗೂ ಅದು ಸಮನಾದ ವ್ಯವಹಾರವೇ ಸರಿ. ಇಪ್ಪತ್ತೈದು ನಿಮಿಷದ ಮೇಲೆ ಮೂರು ಕಿಲೋ ತೂಗುವ ಗೆಂಡೆ ದಂಡೆಯ ಜೊಂಡಿನ ಪಕ್ಕಕ್ಕೆ ಬಂದು ಮಗ್ಗುಲಾಯಿತು. ಎತ್ತಲು ಆಗದೆಂದು ಮುಂಚೆಯೇ ತಂದಿದ್ದ ಕೈಬಲೆಯನ್ನು ನೀರಿನಲ್ಲಿಯೇ ಅದರ ಕೆಳಗೆ ಸರಿಸಿದರು.

ಮನೆಯಲ್ಲಿ ಆ ರಾತ್ರಿ ಸಾರಿನ ವಾಸನೆ ಬೀದಿಗೆಲ್ಲ ಹರಡಿತು; ನೆರೆಯಾಕೆಗೂ ಒಂದು ಪಾತ್ರೆ ಹೋಯಿತು. ಊಟವಾದ ಮೇಲೆ ಹಿರಿಯರು ಯಾರೂ ಕರೆಯದೆ ಜಗಲಿಗೆ ಬಂದು ದೀಪದ ಕೆಳಗೆ ಕುಳಿತರು. ಒದ್ದೆ ಬಟ್ಟೆಯಿಂದ ರೀಲಿನ ಮರಳನ್ನು ಒರೆಸಿದರು, ತಂತಿಯ ಮೂಲೆಗೆ ಒಂದು ಹನಿ ಎಣ್ಣೆ ಬಿಟ್ಟರು. ಬಿಗಿದೇ ಇಟ್ಟರೆ ಒಳಗಿನ ತಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಮತ್ತೊಮ್ಮೆ ಹೊರಡುವಾಗ ತಡೆಯುತ್ತವೆ. ಬಲಗೈಯ ಎರಡು ಬೆರಳುಗಳಿಂದ ಬಿರಟೆಯನ್ನು ಹಿಡಿದು, ಪೂರ್ತಿ ಸಡಿಲವಾಗುವ ತನಕ ತಿರುಗಿಸಿ, ಗೂಡಿನಲ್ಲಿಟ್ಟರು.